ಜೇನುಮೇಣ, ಅರಗು, ಕೆಂಪು ಹುಳದ ಬಣ್ಣ: ಚರ್ಮಕ್ಕೆ ಹಚ್ಚುವ ಮುಂಚೆ ಏನು ನೋಡಬೇಕು, ಹೇಗೆ ಪರೀಕ್ಷಿಸಬೇಕು

ಮನೆಯ ಕನ್ನಡಿ ಮುಂದಿರುವ ಲಿಪ್ ಬಾಮ್, ಕೋಲ್ಡ್ ಕ್ರೀಮ್, ಕೆಂಪು ಲಿಪ್‌ಸ್ಟಿಕ್, ಮಸ್ಕಾರಾ ಎತ್ತಿಕೊಂಡು ಹಿಂಬದಿ ಓದಿ ನೋಡಿ. ಅವುಗಳಲ್ಲಿ ಒಂದರಲ್ಲಾದರೂ ಹುಳದಿಂದ ಬಂದದ್ದು ಏನೋ ಒಂದು ಇರುವ ಸಾಧ್ಯತೆ ಜಾಸ್ತಿ. ಲಿಪ್ ಬಾಮಿನಲ್ಲಿ ಜೇನುಮೇಣ, ಲಿಪ್‌ಸ್ಟಿಕ್ಕಿನಲ್ಲಿ ಪಾಪಾಸುಕಳ್ಳಿಯ ಮೇಲೆ ಬದುಕುವ ಹುಳದ ಕೆಂಪು, ಮಸ್ಕಾರಾದಲ್ಲಿ ಅರಗು, ಶಾಂಪೂವಿನಲ್ಲಿ ರೇಷ್ಮೆ. ಇದೇನು ಹೊಸ ಫ್ಯಾಷನ್ ಅಲ್ಲ. ಎರಡನೇ ಶತಮಾನದಲ್ಲಿ ರೋಮಿನ ವೈದ್ಯ ಗ್ಯಾಲೆನ್ ಹೇಳಿಕೊಟ್ಟ ಕೋಲ್ಡ್ ಕ್ರೀಮಿನಲ್ಲೂ ಜೇನುಮೇಣವೇ ಇತ್ತು.

ಕಲಬುರಗಿಯಲ್ಲಿ ಔಷಧ ಅಂಗಡಿಯ ಕೌಂಟರಿನ ಹಿಂದೆ ನಿಲ್ಲುವ ನನಗೆ ಎರಡು ಥರದ ಗಿರಾಕಿಗಳು ಸಿಗುತ್ತಾರೆ. ಒಬ್ಬರು, "ಅಕ್ಕಾರ, ಇದ್ರಾಗ ಹುಳ ಹಾಕ್ಯಾರಂತ, ಹಚ್ಕೋಬೌದೇನ್ರಿ?" ಅಂತ ಅಂಜಿಕೊಂಡು ಕೇಳುತ್ತಾರೆ. ಇನ್ನೊಬ್ಬರು, "ಜೇನಿಂದು ಅದ, ಏನೂ ಆಗಂಗಿಲ್ಲಲ್ರಿ?" ಅಂತ ನಂಬಿಕೊಂಡು ಕೇಳುತ್ತಾರೆ. ಇಬ್ಬರಿಗೂ ನಾನು ಹೇಳುವುದು ಒಂದೇ: ಹುಳದ್ದು ಅನ್ನುವ ಕಾರಣಕ್ಕೆ ಹೆದರಬೇಡಿ, ಜೇನಿನದ್ದು ಅನ್ನುವ ಕಾರಣಕ್ಕೆ ನಂಬಬೇಡಿ. ಜೇನುಮೇಣ ಮತ್ತು ಪ್ರೋಪೊಲಿಸ್ (ಹುಳಗಳು ಗೂಡಿನ ಸಂದು ಮುಚ್ಚುವ ಗೋಂದು) ಒಂದೇ ಗೂಡಿನಿಂದ ಬರುತ್ತವೆ. ಮೊದಲನೆಯದು ಹೆಚ್ಚಿನವರ ಚರ್ಮಕ್ಕೆ ಒಗ್ಗುತ್ತದೆ. ಎರಡನೆಯದು ಅಲರ್ಜಿಗೆ ಹೆಸರಾಗಿದೆ. ಹಾಗಾಗಿ ಒಂದೊಂದನ್ನೂ ಬೇರೆ ಬೇರೆಯಾಗಿ ನೋಡಬೇಕು. ಹೇಗೆ ನೋಡುವುದು ಅನ್ನುವುದನ್ನು ಹಂತ ಹಂತವಾಗಿ ಬರೆದಿದ್ದೇನೆ.

ಹಂತ 1: ಡಬ್ಬಿಯ ಮುಖ ಬಿಡಿ, ಬೆನ್ನು ಓದಿ

ಮುಂಭಾಗದಲ್ಲಿ ಜೇನು ಸುರಿಯುವ ಚಿತ್ರ ಇರುತ್ತದೆ. ವಿಷಯ ಇರುವುದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಪದಾರ್ಥಗಳ ಪಟ್ಟಿ ಇರಬೇಕು. ಶೇಕಡಾ 1ಕ್ಕಿಂತ ಹೆಚ್ಚು ಇರುವವುಗಳನ್ನು ಜಾಸ್ತಿಯಿಂದ ಕಡಿಮೆಗೆ ಇಳಿಸುತ್ತಾ ಬರೆದಿರಬೇಕು. ಪಟ್ಟಿಯ ಕೊನೆಯಲ್ಲಿ, ಸುಗಂಧದ ಅಕ್ಕಪಕ್ಕದಲ್ಲಿ ಜೇನಿನ ಹೆಸರು ಕಂಡರೆ ಅದು ಹೆಸರಿಗಷ್ಟೇ ಇದೆ. ಅಂಥದ್ದಕ್ಕೆ ಹೆಚ್ಚು ದುಡ್ಡು ಕೊಡುವ ಅಗತ್ಯ ಇಲ್ಲ.

ಪಟ್ಟಿ ಇಂಗ್ಲಿಷಿನಲ್ಲಿರುತ್ತದೆ. ಈ ಹೆಸರುಗಳನ್ನು ಗುರುತು ಇಟ್ಟುಕೊಂಡರೆ ಸಾಕು. ಜೇನುಮೇಣಕ್ಕೆ ಬೀಸ್‌ವ್ಯಾಕ್ಸ್ ಅಥವಾ ಸೆರಾ ಆಲ್ಬಾ ಎಂದಿರುತ್ತದೆ. ಜೇನುತುಪ್ಪಕ್ಕೆ ಹನಿ ಅಥವಾ ಮೆಲ್. ಪ್ರೋಪೊಲಿಸ್ ಮತ್ತು ರಾಯಲ್ ಜೆಲ್ಲಿ (ರಾಣಿ ಜೇನಿಗೆ ಹುಳಗಳು ಉಣಿಸುವ ಬಿಳಿ ರಸ) ಅದೇ ಹೆಸರಿನಲ್ಲಿ ಬರುತ್ತವೆ, ಜೇನುಹುಳದ ವಿಷ ಬೀ ವೆನಮ್ ಎಂದು. ಕಳ್ಳಿ ಹುಳದ ಕೆಂಪಿಗೆ ಕಾರ್ಮೈನ್, ಕೊಚಿನೀಲ್ ಅಥವಾ ಬರೀ ಒಂದು ನಂಬರು: ಸಿಐ 75470. ಈ ನಂಬರನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ, ಯಾಕೆಂದರೆ ಎಷ್ಟೋ ಲಿಪ್‌ಸ್ಟಿಕ್ಕುಗಳ ಪಟ್ಟಿಯಲ್ಲಿ ಹೆಸರಿನ ಬದಲು ಈ ನಂಬರೊಂದೇ ಇರುತ್ತದೆ. ಅರಗಿಗೆ ಶೆಲ್ಯಾಕ್. ರೇಷ್ಮೆಗೆ ಸಿಲ್ಕ್ ಅಮೈನೋ ಆಸಿಡ್ಸ್, ಹೈಡ್ರೊಲೈಜ್ಡ್ ಸಿಲ್ಕ್ ಅಥವಾ ಸೆರಿಸಿನ್.

ಬಸವನಹುಳದ ಲೋಳೆ, ಕುರಿ ಉಣ್ಣೆಯ ಲ್ಯಾನೋಲಿನ್, ಮೀನಿನ ಹೊಳಪಿನ ಗ್ವಾನೀನ್ ಇವೆಲ್ಲ ಪ್ರಾಣಿಮೂಲದವು ನಿಜ, ಆದರೆ ಕೀಟದವಲ್ಲ. ಇಲ್ಲಿ ಅವುಗಳ ಮಾತು ಬೇಡ.

ನಮ್ಮ ಭಾಗದಲ್ಲಿ ಕಟ್ಟುನಿಟ್ಟಾಗಿ ಸಸ್ಯಾಹಾರ ಪಾಲಿಸುವ ಮನೆಗಳು ಬಹಳ. ಅವರು ಹಸಿರು ಚುಕ್ಕಿ ನೋಡಿ ಸಮಾಧಾನ ಪಡುತ್ತಾರೆ. ಆದರೆ ಆಹಾರದ ಲೇಬಲ್ ನಿಯಮದಲ್ಲೇ ಜೇನು, ಜೇನುಮೇಣ, ಅರಗು ಇವು ಮಾಂಸಾಹಾರದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಹಸಿರು ಚುಕ್ಕಿ ಇದೆ ಅಂದರೆ ಹುಳದ್ದೇನೂ ಇಲ್ಲ ಎಂದು ಅರ್ಥ ಅಲ್ಲ. ಇದು ನಿಮಗೆ ಮುಖ್ಯವಾದರೆ ಪಟ್ಟಿಯನ್ನೇ ಓದಬೇಕು. ಮೇಣದ ಬದಲು ಕ್ಯಾಂಡೆಲಿಲ್ಲಾ ಅಥವಾ ಕಾರ್ನೌಬಾ ಎಂಬ ಗಿಡದ ಮೇಣ, ಕೆಂಪಿಗೆ ಐರನ್ ಆಕ್ಸೈಡ್ ಇರುವುದನ್ನು ಹುಡುಕಬಹುದು.

ಪಟ್ಟಿಯ ಜೊತೆಗೆ ತಯಾರಿಕೆಯ ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಯಾವಾಗಿನ ತನಕ ಬಳಸಬಹುದು ಎಂಬ ತಾರೀಖು ಇವು ಇರಲೇಬೇಕು. ಇವು ಇಲ್ಲದ ಕ್ರೀಮನ್ನು ಜಾತ್ರೆಯಲ್ಲಾಗಲಿ, ಪರಿಚಯದವರ ಕೈಯಿಂದಾಗಲಿ ಕೊಳ್ಳಬೇಡಿ. "ಶುದ್ಧ ಜೇನಿನ ಕ್ರೀಮ್, ವಾರದಲ್ಲಿ ಮುಖ ಬೆಳ್ಳಗೆ" ಎಂದು ಮಾರುವ ಚೀಟಿ ಇಲ್ಲದ ಡಬ್ಬಿಗಳ ಬಗ್ಗೆ ನನಗೆ ನಿಜಕ್ಕೂ ಭಯ ಇದೆ. ಜೇನಿನಿಂದ ಯಾರ ಮುಖವೂ ವಾರದಲ್ಲಿ ಬೆಳ್ಳಗಾಗುವುದಿಲ್ಲ. ಹಾಗೆ ಆದರೆ ಅದರಲ್ಲಿ ಸ್ಟಿರಾಯ್ಡ್ ಅಥವಾ ಪಾದರಸ ಇದೆ ಎಂದೇ ಅನುಮಾನ ಪಡಬೇಕು. ಸ್ಟಿರಾಯ್ಡ್ ಹಚ್ಚಿದ ಮುಖ ಮೊದಲು ಹೊಳೆಯುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರಗಳು ಕಾಣುತ್ತವೆ, ಮೊಡವೆ ಏಳುತ್ತವೆ, ಬಿಟ್ಟರೆ ಉರಿ ಶುರು ಆಗುತ್ತದೆ.

ಹಂತ 2: ನಿಮ್ಮ ಮೈಯ ಹಳೇ ಲೆಕ್ಕ ನೆನಪಿಸಿಕೊಳ್ಳಿ

ಕೊಳ್ಳುವ ಮುಂಚೆ ನಿಮಗೆ ನೀವೇ ಕೆಲವು ಪ್ರಶ್ನೆ ಕೇಳಿಕೊಳ್ಳಿ. ಜೇನು ಕಡಿದಾಗ ಕಡಿದ ಜಾಗ ಮಾತ್ರ ಊದಿತ್ತೇ? ಅಥವಾ ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ತಲೆ ಸುತ್ತಿತ್ತೇ? ಎರಡನೆಯದು ಆಗಿದ್ದರೆ ಜೇನುವಿಷ ಇರುವ ಯಾವ ಕ್ರೀಮೂ, ಮಾಸ್ಕೂ ನಿಮಗಲ್ಲ. ಮನೆಯಲ್ಲಿ ಸುಮ್ನೆ ಒಂಚೂರು ಹಚ್ಚಿ ನೋಡುವುದೂ ಬೇಡ. ಜೇನುತುಪ್ಪ, ಜೇನುಮೇಣದ ವಿಷಯ ಬೇರೆ. ಕಡಿತದ ಅಲರ್ಜಿ ಇರುವುದು ವಿಷದಲ್ಲಿನ ಪ್ರೋಟೀನಿಗೆ, ಮೇಣಕ್ಕಲ್ಲ.

ಅಸ್ತಮಾ ಇದೆಯೇ? ಇದ್ದರೆ ರಾಯಲ್ ಜೆಲ್ಲಿಯಿಂದ ದೂರ ಇರಿ. ಸೆಂಟು, ಕೂದಲ ಬಣ್ಣ, ಬ್ಯಾಂಡೇಜ್ ಪಟ್ಟಿ ಇವುಗಳಿಂದ ಎಂದಾದರೂ ತುರಿಕೆ ಬಂದಿತ್ತೇ? ಬಂದಿದ್ದರೆ ಪ್ರೋಪೊಲಿಸ್ ಬೇಡ. ಎಷ್ಟು ಬಾಮ್ ಹಚ್ಚಿದರೂ ತುಟಿ ಒಡೆಯುವುದು ನಿಲ್ಲುತ್ತಲೇ ಇಲ್ಲವೇ? ಹಾಗಿದ್ದರೆ ಆ ಬಾಮೇ ಕಾರಣ ಇರಬಹುದು. ಇದನ್ನು ಯಾರೂ ಅನುಮಾನಿಸುವುದಿಲ್ಲ. ಒಡೆದಷ್ಟೂ ಜಾಸ್ತಿ ಹಚ್ಚುತ್ತಾರೆ, ಹಚ್ಚಿದಷ್ಟೂ ಒಡೆಯುತ್ತದೆ.

ಒಂದು ವರ್ಷದೊಳಗಿನ ಕೂಸಿನ ಬಾಯಿಗೆ, ತುಟಿಗೆ, ಚೀಪುವ ನಿಪ್ಪಲ್ಲಿಗೆ ಜೇನುತುಪ್ಪ ಸೋಕಿಸಲೇ ಬಾರದು. ಜೇನಿನಲ್ಲಿ ಬೊಟುಲಿಸಂ ಎಂಬ, ಮೈಯ ಸ್ನಾಯುಗಳನ್ನು ಸೋಲಿಸುವ ರೋಗದ ಅಣುವಿನ ಬೀಜಕಗಳು ಇರಬಹುದು. ದೊಡ್ಡವರ ಕರುಳು ತಡೆದುಕೊಳ್ಳುತ್ತದೆ, ಕೂಸಿನ ಕರುಳಿಗೆ ಆ ಶಕ್ತಿ ಇರುವುದಿಲ್ಲ. ನಾಲಿಗೆಗೆ ಜೇನು ನೆಕ್ಕಿಸುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅಜ್ಜಿಯಂದಿರಿಗೆ ಬೇಜಾರಾದರೂ ಇದನ್ನು ಹೇಳಲೇಬೇಕು.

ಹಂತ 3: ಯಾವುದು ಕೆಲಸ ಮಾಡುತ್ತದೆ, ಯಾವುದು ಬರೀ ಮಾತು

ಜೇನುಮೇಣ. ಹುಳದ ಪದಾರ್ಥಗಳಲ್ಲಿ ನನ್ನ ಮೆಚ್ಚಿನದು ಇದೇ. ಚರ್ಮದ ಮೇಲೆ ತೆಳುವಾದ ಪದರ ಕಟ್ಟಿ, ಒಳಗಿನ ನೀರು ಆರಿಹೋಗದಂತೆ ತಡೆಯುತ್ತದೆ. ಎಣ್ಣೆಯನ್ನು ಗಟ್ಟಿ ಮಾಡಿ ಹಿಡಿದಿಡುತ್ತದೆ. ಅಷ್ಟೇ ಅದರ ಕೆಲಸ, ಅದನ್ನು ಚೆನ್ನಾಗಿ ಮಾಡುತ್ತದೆ. ಸುಕ್ಕು ಹೋಗುತ್ತದೆ, ಕಲೆ ಮಾಯ ಆಗುತ್ತದೆ ಅನ್ನುವುದೆಲ್ಲ ಅದರ ಕೈಲಾಗದ್ದು. ನೀರು ತಡೆಯುವುದೊಂದೇ ಬೇಕಿದ್ದರೆ ಪೆಟ್ರೋಲಿಯಂ ಜೆಲ್ಲಿ ಇನ್ನೂ ಚೆನ್ನಾಗಿ ತಡೆಯುತ್ತದೆ, ಅಗ್ಗವೂ ಹೌದು. ಮೇಣದ ಹೆಚ್ಚುಗಾರಿಕೆ ಅದರ ಗಟ್ಟಿತನದಲ್ಲಿದೆ. 62ರಿಂದ 64 ಡಿಗ್ರಿಗೆ ಕರಗುವುದರಿಂದ ನಮ್ಮ ಬಿಸಿಲಿಗೂ ನಿಲ್ಲುತ್ತದೆ. ಅಲರ್ಜಿ ಅಪರೂಪ. ಆದರೂ ಸರಿಯಾಗಿ ಶುದ್ಧ ಮಾಡದ ಮೇಣದಲ್ಲಿ ಪ್ರೋಪೊಲಿಸ್ ಉಳಿದಿರುತ್ತದೆ, ತೊಂದರೆ ಬಂದರೆ ಹೆಚ್ಚಾಗಿ ಅದರಿಂದಲೇ.

ಜೇನುತುಪ್ಪ. ಇಲ್ಲಿ ಗಾಯ, ಮೊಡವೆ ಎಂಬ ಎರಡು ವಿಷಯ ಕಲಸಿಹೋಗಿವೆ. ಜೇನಿನಲ್ಲಿ ಸಕ್ಕರೆ ಅಂಶ ತುಂಬಾ, ನೀರು ಕಡಿಮೆ, ಹುಳಿ ಗುಣ ಇದೆ. ನೀರು ಬೆರೆತಾಗ ಹೈಡ್ರೋಜನ್ ಪೆರಾಕ್ಸೈಡ್ ನಿಧಾನಕ್ಕೆ ಹುಟ್ಟುತ್ತದೆ. ಈ ಎಲ್ಲದರಿಂದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಚಿಕಿತ್ಸೆಗಳ ಸಾಕ್ಷಿಯನ್ನು ತೂಗಿ ನೋಡುವ ಕಾಕ್ರೇನ್ ಎಂಬ ಸಂಸ್ಥೆಯ 2015ರ ವಿಮರ್ಶೆ ಹಲವಾರು ಪ್ರಯೋಗಗಳನ್ನು ಕೂಡಿಸಿ ನೋಡಿತು. ಅಷ್ಟೇನೂ ಆಳವಲ್ಲದ ಸುಟ್ಟಗಾಯಗಳು ಮಾಮೂಲಿ ಪಟ್ಟಿಗಿಂತ ಜೇನಿನ ಪಟ್ಟಿಯಲ್ಲಿ 4–5 ದಿನ ಬೇಗ ಮಾಯುತ್ತವೆ ಎಂದು ಕಂಡಿತು. ಇದು ಗಟ್ಟಿ ಸಾಕ್ಷಿ. ಆದರೆ ಆಸ್ಪತ್ರೆಯಲ್ಲಿ ಗಾಯಕ್ಕೆಂದೇ ಬಳಸುವ ಜೇನನ್ನು ಗಾಮಾ ಕಿರಣ ಹಾಯಿಸಿ ಬೀಜಕಗಳನ್ನು ಕೊಂದು ಮಾಡಿರುತ್ತಾರೆ. ಅಡಿಗೆಮನೆಯ ಬಾಟಲಿ ಅದಲ್ಲ. ತೊಗರಿ ಕೊಯ್ಯುವಾಗ ಕುಡುಗೋಲು ತಾಗಿದ ಕೈಗೆ, ಸಕ್ಕರೆ ಕಾಯಿಲೆ ಇರುವವರ ಕಾಲಿನ ಹುಣ್ಣಿಗೆ ಬಾಟಲಿಯ ಜೇನು ಹಚ್ಚಿ ಕೂರಬೇಡಿ. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು ಅಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು.

ಮೊಡವೆಯ ವಿಷಯದಲ್ಲಿ ಫಲ ಅಷ್ಟು ಚೆನ್ನಾಗಿಲ್ಲ. ನ್ಯೂಜಿಲೆಂಡಿನಲ್ಲಿ 136 ಜನರ ಮೇಲೆ 12 ವಾರ ಕಾನುಕಾ ಎಂಬ ಅಲ್ಲಿನ ಗಿಡದ ಹೂವಿನ ಜೇನಿನ ಪ್ರಯೋಗ ನಡೆಯಿತು, 2016ರಲ್ಲಿ ಪ್ರಕಟವಾಯಿತು. ಬ್ಯಾಕ್ಟೀರಿಯಾ ಕೊಲ್ಲುವ ಸೋಪಿನ ಜೊತೆ ಜೇನು ಸೇರಿಸಿದರೂ ಸೋಪೊಂದನ್ನೇ ಬಳಸಿದ್ದಕ್ಕಿಂತ ಹೆಚ್ಚೇನೂ ಗುಣ ಸಿಗಲಿಲ್ಲ. ವಾರಕ್ಕೊಮ್ಮೆ ಜೇನು ಹಚ್ಚಿ ಹತ್ತು ನಿಮಿಷ ಬಿಟ್ಟು ತೊಳೆದರೆ ಚರ್ಮ ಮೆತ್ತಗಾಗುತ್ತದೆ, ಹಿತವಾಗಿರುತ್ತದೆ. ಮೊಡವೆಗೆ ಅದು ಔಷಧ ಅಲ್ಲ. ಇನ್ನು ಶುದ್ಧ ಜೇನು ಗುರುತಿಸಲು ನೀರಿಗೆ ಹಾಕುವುದು, ಬತ್ತಿ ಅದ್ದಿ ಹಚ್ಚುವುದು ಎಲ್ಲ ಮಾಡುತ್ತಾರಲ್ವಾ? ಸಕ್ಕರೆ ಪಾಕ ಬೆರೆಸಿದ್ದನ್ನು ಅವು ಹಿಡಿಯುವುದಿಲ್ಲ. ಅದಕ್ಕೆ ಲ್ಯಾಬೇ ಬೇಕು.

ಪ್ರೋಪೊಲಿಸ್. ಗಿಡದ ಮೊಗ್ಗಿನ ಅಂಟನ್ನು ತಂದು ಜೇನುಹುಳಗಳು ಗೂಡಿನ ಸಂದು ಮುಚ್ಚುವ ಗೋಂದು ಇದು. ಬ್ಯಾಕ್ಟೀರಿಯಾ ತಡೆಯುವ ಶಕ್ತಿ ಇದೆ ನಿಜ. ಆದರೆ ಇದರಲ್ಲಿರುವ ಕೆಫಿಯೇಟ್ ಎಂಬ ರಾಸಾಯನಿಕಗಳು ಚರ್ಮವನ್ನು ಕೆರಳಿಸುವುದರಲ್ಲಿ ಮುಂದು. ಅಲರ್ಜಿ ಪರೀಕ್ಷೆಗೆ ಬಂದ ರೋಗಿಗಳಲ್ಲಿ ನೂರಕ್ಕೆ ಸುಮಾರು 1ರಿಂದ 6 ಜನಕ್ಕೆ ಪ್ರೋಪೊಲಿಸ್ ಆಗಿಬರುವುದಿಲ್ಲ ಎಂದು ಬೇರೆ ಬೇರೆ ದೇಶಗಳ ವರದಿಗಳು ಹೇಳುತ್ತವೆ. ಬಾಲ್ಸಂ ಆಫ್ ಪೆರು ಎಂಬ ಸುಗಂಧದ ಅಲರ್ಜಿ ಇರುವವರಿಗೆ ಇದೂ ಆಗದಿರುವುದು ಉಂಟು. ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ. ಒಡೆದ ತುಟಿಗೆ, ಗಾಯದ ಚರ್ಮಕ್ಕೆ ಇದನ್ನು ಹಚ್ಚುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ರಾಯಲ್ ಜೆಲ್ಲಿ ಮತ್ತು ಜೇನುವಿಷ. ರಾಯಲ್ ಜೆಲ್ಲಿ ತಿಂದು ಅಸ್ತಮಾ ಕೆರಳಿ ಸತ್ತವರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಅದರ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯುವುದು ಕಡ್ಡಾಯ. ಹಚ್ಚಿದರೆ ಸಿಗುವ ಲಾಭಕ್ಕೆ ಗಟ್ಟಿ ಆಧಾರ ಇಲ್ಲ, ಹಾಗಿರುವಾಗ ಯಾಕೆ ಬೇಕು? ಜೇನುವಿಷದ ಮಾಸ್ಕು ಚರ್ಮ ಬಿಗಿ ಮಾಡುತ್ತದೆ ಅನ್ನುತ್ತಾರೆ. ಒಣಗಿಸಿದ ವಿಷದಲ್ಲಿ ಅರ್ಧದಷ್ಟು ಇರುವ ಮೆಲಿಟಿನ್ ಎಂಬುದು ಜೀವಕೋಶದ ಗೋಡೆಯನ್ನೇ ಒಡೆಯುವ ಪದಾರ್ಥ. ಪರೀಕ್ಷೆಗಳು ಸಣ್ಣವು, ಬೆಲೆ ದೊಡ್ಡದು, ಅಪಾಯ ಜೀವದ್ದು. ಜೀವಂತ ಜೇನುಹುಳದಿಂದ ಚುಚ್ಚಿಸಿಕೊಳ್ಳುವ "ಚಿಕಿತ್ಸೆ"ಯಿಂದ ಸ್ಪೇನಿನಲ್ಲಿ ಒಬ್ಬ ಮಹಿಳೆ ತೀರಿಕೊಂಡ ವರದಿ 2018ರಲ್ಲಿ ಬಂದಿದೆ. ಅವರು ಅದಕ್ಕೂ ಮುಂಚೆ ಅದನ್ನು ಎಷ್ಟೋ ಸಲ ಮಾಡಿಸಿಕೊಂಡಿದ್ದರು. ಮೊದಲೆಲ್ಲ ಏನೂ ಆಗಿಲ್ಲ ಅನ್ನುವುದು ಮುಂದಕ್ಕೆ ಭರವಸೆ ಅಲ್ಲ.

ಕೆಂಪು ಬಣ್ಣ. ಹೊಲದ ಬದುವಿನಲ್ಲಿ ಬೆಳೆದ ಪಾಪಾಸುಕಳ್ಳಿಯ ಹತ್ತಿರ ಹೋಗಿ ನೋಡಿ. ಎಲೆಯಂಥ ದಪ್ಪ ಹಾಳೆಯ ಮೇಲೆ ಬಿಳಿ ಹತ್ತಿಯ ಚೂರು ಅಂಟಿದಂತೆ ಕೆಲವು ಕಡೆ ಕಾಣುತ್ತದೆ. ಮುಳ್ಳು ತಪ್ಪಿಸಿ ಒಂದನ್ನು ಕಡ್ಡಿಯಿಂದ ಕೆರೆದು ಕಾಗದದ ಮೇಲೆ ಒತ್ತಿ. ಹತ್ತಿ ಹರಿದು ಒಳಗಿನಿಂದ ಗಾಢ ಕೆಂಪು ರಸ ಚಿಮ್ಮುತ್ತದೆ, ಒಣಗಿದ ಮೇಲೂ ಕಲೆ ಹೋಗುವುದಿಲ್ಲ. ಲಿಪ್‌ಸ್ಟಿಕ್ಕಿನ ಕಾರ್ಮೈನ್ ಈ ಹುಳದ ಸಂಬಂಧಿಯಿಂದ ಬರುತ್ತದೆ. ಅದನ್ನು ಮುಖ್ಯವಾಗಿ ಪೆರು ದೇಶದಲ್ಲಿ ಕಳ್ಳಿಯ ಮೇಲೆ ಸಾಕುತ್ತಾರೆ. ಬಣ್ಣದ ಆಸೆಗೆ 1795ರಲ್ಲಿ ಬ್ರಿಟಿಷರು ಭಾರತಕ್ಕೆ ತರಿಸಿದ ಹುಳ ಅಸಲಿ ಜಾತಿಯದ್ದಾಗಿರಲಿಲ್ಲ. ಅದರಿಂದ ಒಳ್ಳೆಯ ಬಣ್ಣ ಸಿಗಲಿಲ್ಲ. ಮುಂದೆ 1926ರಲ್ಲಿ ಇನ್ನೊಂದು ಜಾತಿಯನ್ನು ಕಳ್ಳಿಯ ಹಾವಳಿ ತಗ್ಗಿಸಲೆಂದೇ ದಕ್ಷಿಣ ಭಾರತದಲ್ಲಿ ಬಿಟ್ಟರು.

ಒಂದು ಕಿಲೋ ಒಣ ಹುಳ ಆಗಬೇಕಾದರೆ ಲಕ್ಷಕ್ಕೂ ಜಾಸ್ತಿ ಹುಳ ಬೇಕು. ಬಣ್ಣ ಬೆಳಕಿಗೂ ಬಿಸಿಗೂ ಮಾಸುವುದಿಲ್ಲ, ಹೆಚ್ಚಿನವರಿಗೆ ಏನೂ ಮಾಡುವುದಿಲ್ಲ. ಆದರೆ ಅದರಲ್ಲಿ ಉಳಿದ ಹುಳದ ಪ್ರೋಟೀನಿನಿಂದ ಕೆಲವರಿಗೆ ತುಟಿ ಊತ, ದದ್ದು, ತೀರಾ ಅಪರೂಪಕ್ಕೆ ಜೀವಕ್ಕೆ ಕುತ್ತು ತರುವ ಅಲರ್ಜಿ ಆಗಿದೆ. ಅಮೆರಿಕದಲ್ಲಿ 2011ರ ಜನವರಿಯಿಂದ ಆಹಾರ ಮತ್ತು ಸೌಂದರ್ಯ ಸಾಮಾನಿನ ಮೇಲೆ ಇದರ ಹೆಸರನ್ನು ಬರೆಯಲೇಬೇಕು. ಮದುವೆ ಸೀಸನ್ನಿನಲ್ಲಿ ಮದುಮಗಳಿಗೆ ಹೊಸ ಲಿಪ್‌ಸ್ಟಿಕ್ ಹಚ್ಚುವ ಪಾರ್ಲರಿನವರು ಇದನ್ನು ನೆನಪಿಡಬೇಕು. ಟ್ರಯಲ್ ದಿನವೇ ಹಚ್ಚಿ ನೋಡಿ, ಮುಹೂರ್ತದ ಬೆಳಗ್ಗೆ ಅಲ್ಲ.

ಅರಗು. ಬಳೆಗೆ ಬಳಸುವ ಅದೇ ಅರಗು. ಜಾರ್ಖಂಡ್, ಛತ್ತೀಸ್‌ಗಢದ ಮರಗಳ ಮೇಲೆ ಹುಳ ಸುರಿಸುವ ಅಂಟನ್ನು ಶುದ್ಧ ಮಾಡಿದರೆ ಶೆಲ್ಯಾಕ್. ಮಸ್ಕಾರಾ, ಐಲೈನರ್, ಹೇರ್ ಸ್ಪ್ರೇಗಳಲ್ಲಿ ಪದರ ಕಟ್ಟಲು ಹಾಕುತ್ತಾರೆ. ಕೆಲಸ ಚೆನ್ನಾಗಿ ಮಾಡುತ್ತದೆ. ಕಣ್ಣುರೆಪ್ಪೆ ಮೇಲೆ ಬಿಡದ ತುರಿಕೆ, ಸಿಪ್ಪೆ ಏಳುವುದು ಕಂಡರೆ ಪಟ್ಟಿಯಲ್ಲಿ ಶೆಲ್ಯಾಕ್ ಇದೆಯೇ ನೋಡಿ.

ರೇಷ್ಮೆ. ಸೆರಿಸಿನ್ ಮತ್ತು ಫೈಬ್ರಾಯಿನ್ ಎಂಬ ಪ್ರೋಟೀನುಗಳು ಚರ್ಮದ ಮೇಲೆ, ಕೂದಲ ಮೇಲೆ ತೆಳು ಪದರ ಕಟ್ಟಿ ನುಣುಪು ಕೊಡುತ್ತವೆ. ಒಳಗೆ ಇಳಿದು ಹೊಸ ಚರ್ಮ ಕಟ್ಟುತ್ತವೆ ಅನ್ನುವುದನ್ನು ನಂಬಬೇಡಿ. ಅಷ್ಟು ದೊಡ್ಡ ಕಣ ಚರ್ಮದೊಳಗೆ ಇಳಿಯುವುದಿಲ್ಲ.

ಹೊಸದಾಗಿ ಬ್ಲ್ಯಾಕ್ ಸೋಲ್ಜರ್ ನೊಣದ ಮರಿಹುಳುವಿನ ಎಣ್ಣೆಯೂ ಕೆಲವು ದೇಶಗಳಲ್ಲಿ ಕ್ರೀಮಿಗೆ ಬಂದಿದೆ. ಅದರಲ್ಲಿ ಹೆಚ್ಚಿರುವುದು ಲಾರಿಕ್ ಆಮ್ಲ, ಕೊಬ್ಬರಿ ಎಣ್ಣೆಯಲ್ಲೂ ಅದೇ ಹೆಚ್ಚು. ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುವಾಗ ಅದರ ಹಿಂದೆ ಓಡುವ ಅವಸರ ನಮಗಿಲ್ಲ.

ಹಂತ 4: ಮುಖಕ್ಕೆ ಹೋಗುವ ಮುಂಚೆ ಮೊಣಕೈ ಮಡಿಕೆಯಲ್ಲಿ

ಕೈಮೇಲೆ ಒಂದು ಸಲ ಸವರಿ, ಐದು ನಿಮಿಷ ನೋಡಿ, "ಏನೂ ಆಗಲಿಲ್ಲ" ಅನ್ನುವುದು ಪರೀಕ್ಷೆ ಅಲ್ಲ. ಅಲರ್ಜಿ ಎರಡು ಥರ. ಒಂದು ಅರ್ಧ ಗಂಟೆಯೊಳಗೆ ದದ್ದು, ಊತ ತೋರಿಸುತ್ತದೆ. ಕಾರ್ಮೈನ್, ರಾಯಲ್ ಜೆಲ್ಲಿ, ವಿಷ ಈ ಜಾತಿಯವು. ಇನ್ನೊಂದು ಎರಡು ಮೂರು ದಿನ ಬಿಟ್ಟು, ಕೆಲವೊಮ್ಮೆ ವಾರ ಬಿಟ್ಟು ತುರಿಕೆ, ಕೆಂಪು, ಸಣ್ಣ ಗುಳ್ಳೆಯಾಗಿ ಬರುತ್ತದೆ. ಪ್ರೋಪೊಲಿಸ್, ಅರಗಿನದ್ದು ಹೀಗೆ.

ಹಾಗಾಗಿ ಹೀಗೆ ಮಾಡಿ. ಮೊಣಕೈ ಒಳಮಡಿಕೆಯ ಸ್ವಲ್ಪ ಕೆಳಗೆ, ಗಾಯ, ತುರಿಕೆ ಇಲ್ಲದ ಜಾಗದಲ್ಲಿ ಪೆನ್ನಿನಿಂದ ಎರಡು ರೂಪಾಯಿ ನಾಣ್ಯದಷ್ಟು ಸುತ್ತು ಗುರುತು ಹಾಕಿ. ಅದರೊಳಗೆ ಮುಖಕ್ಕೆ ಎಷ್ಟು ದಪ್ಪಗೆ ಹಚ್ಚುತ್ತೀರೋ ಅಷ್ಟೇ ಹಚ್ಚಿ. ಪಟ್ಟಿ ಕಟ್ಟಬೇಡಿ. ಮೊದಲ ಅರ್ಧ ಗಂಟೆ ಮನೆಯಲ್ಲೇ ಇದ್ದು ಗಮನಿಸಿ. ಆಮೇಲೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ಅದೇ ಜಾಗಕ್ಕೆ 7 ದಿನ ಹಚ್ಚಿ. 10 ದಿನ ಹಚ್ಚಿದರೆ ಇನ್ನೂ ಒಳ್ಳೆಯದು. ತೊಳೆಯುವ ಮಾಸ್ಕ್ ಆದರೆ ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಮಾತ್ರ ಬಿಟ್ಟು ತೊಳೆಯಿರಿ.

ಒಮ್ಮೆಗೆ ಒಂದೇ ಸಾಮಾನು. ಎರಡು ಮೂರು ಸೇರಿಸಿದರೆ ಕಳ್ಳ ಯಾರು ಎಂದು ಗೊತ್ತಾಗುವುದಿಲ್ಲ. ಅಲರ್ಜಿ ಮಾತ್ರೆ ನುಂಗುತ್ತಿದ್ದರೆ, ಆ ಜಾಗಕ್ಕೆ ಸ್ಟಿರಾಯ್ಡ್ ಮುಲಾಮು ಹಚ್ಚಿದ್ದರೆ ಫಲಿತಾಂಶ ಮುಚ್ಚಿಹೋಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಮೊಣಕೈ ಮಡಿಕೆಯಲ್ಲಿ ಬೆವರುಗುಳ್ಳೆ ತಾನಾಗಿಯೇ ಏಳುತ್ತವೆ. ಆಗ ಎರಡೂ ಕೈ ಹೋಲಿಸಿ ನೋಡಿ. ಹಚ್ಚದ ಕೈಯಲ್ಲೂ ಅದೇ ಗುಳ್ಳೆ ಇದ್ದರೆ ಅದು ಸೆಕೆಯದ್ದು.

ಕೈ ಪಾಸಾಯಿತು ಅಂದರೆ ಕಣ್ಣುರೆಪ್ಪೆಯೂ ಪಾಸಾಯಿತು ಎಂದಲ್ಲ, ಅಲ್ಲಿನ ಚರ್ಮ ತುಂಬಾ ತೆಳು. ಮಸ್ಕಾರಾ, ಐಲೈನರನ್ನು ಮೊದಲ ವಾರ ದಿನ ಬಿಟ್ಟು ದಿನ ಹಚ್ಚಿ.

ಹಂತ 5: ಬಾಮ್ ಬೇಕಿದ್ದರೆ ಮನೆಯಲ್ಲೇ ಮಾಡಿ

ಜೇನುಮೇಣದ ಒಳ್ಳೆಯ ಗುಣ ಪೂರ್ತಿ ಸಿಗುವುದು ಇದರಲ್ಲೇ. ಏನು ಹಾಕಿದ್ದೀರಿ ಎಂದು ನಿಮಗೇ ಗೊತ್ತಿರುತ್ತದೆ.

ಹಸಿ ಗೂಡಿನ ಮೇಣ ಸಿಕ್ಕಿದ್ದರೆ ಮೊದಲು ಶುದ್ಧ ಮಾಡಬೇಕು. ಮುಂದೆ ಅಡುಗೆಗೆ ಬಳಸದ ಹಳೇ ಪಾತ್ರೆಯಲ್ಲಿ ನೀರು ಹಾಕಿ, ಗೂಡನ್ನು ಮುರಿದು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಹತ್ತಿ ಬಟ್ಟೆಯಲ್ಲಿ ಬಿಸಿ ಇರುವಾಗಲೇ ಸೋಸಿ, ರಾತ್ರಿಯೆಲ್ಲ ಬಿಡಿ. ಬೆಳಗ್ಗೆ ನೀರಿನ ಮೇಲೆ ಹಳದಿ ಬಿಲ್ಲೆ ತೇಲುತ್ತಿರುತ್ತದೆ. ತಳದಲ್ಲಿ ಅಂಟಿದ ಕಂದು ಕೊಳೆಯನ್ನು ಚಾಕುವಿನಿಂದ ಹೆರೆದು ತೆಗೆಯಿರಿ. ನೀರು ತಿಳಿಯಾಗುವ ತನಕ ಇದನ್ನೇ ಮತ್ತೆ ಮಾಡಿ. ಇಷ್ಟು ಮಾಡಿದರೂ ಪ್ರೋಪೊಲಿಸ್ ಪೂರ್ತಿ ಹೋಗುವುದಿಲ್ಲ. ಅಲರ್ಜಿ ಇರುವವರು ಶುದ್ಧ ಮಾಡಿದ ಬಿಳಿ ಮೇಣ ಕೊಳ್ಳುವುದೇ ಸರಿ.

10 ಗ್ರಾಂ ಮೇಣಕ್ಕೆ ಬೇಸಿಗೆಯಲ್ಲಿ 30 ಗ್ರಾಂ ಎಣ್ಣೆ, ಚಳಿಗಾಲದಲ್ಲಿ 40 ಗ್ರಾಂ. ನಮ್ಮ ಕಡೆಯ ಕುಸುಬೆ ಎಣ್ಣೆ ಇದಕ್ಕೆ ಒಪ್ಪುತ್ತದೆ. ಅದರಲ್ಲಿನ ಲಿನೋಲಿಯಿಕ್ ಆಮ್ಲ ಚರ್ಮದ ಹೊರಪದರಕ್ಕೆ ಬೇಕಾದದ್ದು. ಆದರೆ ಬೇಗ ಕಮಟುತ್ತದೆ. ಅರ್ಧ ಕುಸುಬೆ, ಅರ್ಧ ಕೊಬ್ಬರಿ ಎಣ್ಣೆ ಹಾಕಿದರೆ ಬಾಳಿಕೆ ಬರುತ್ತದೆ.

ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಸಣ್ಣ ಸ್ಟೀಲ್ ಬಟ್ಟಲು ಇಟ್ಟು ಅದರಲ್ಲಿ ಮೇಣ ಕರಗಿಸಿ. ನೇರ ಉರಿಯ ಮೇಲೆ ಇಡಲೇಬೇಡಿ, ಮೇಣಕ್ಕೆ ಬೆಂಕಿ ಹತ್ತುತ್ತದೆ. ಹತ್ತಿದರೆ ನೀರು ಹಾಕಬಾರದು, ಒಲೆ ಆರಿಸಿ ಮುಚ್ಚಳ ಮುಚ್ಚಬೇಕು. ಕರಗಿದ ಮೇಲೆ ಎಣ್ಣೆ ಬೆರೆಸಿ, ಒಂದು ಹನಿಯನ್ನು ತಣ್ಣನೆ ತಟ್ಟೆಯ ಮೇಲೆ ಬಿಟ್ಟು ಬೆರಳಿನಿಂದ ಒತ್ತಿ. ಬೆರಳಿಗೆ ಜಿಡ್ಡು ಹತ್ತಿ ಗುಳಿ ಬಿದ್ದರೆ ಹದ ಸರಿ. ಹನಿ ಹರಿದರೆ ಮೇಣ ಸಾಲದು, ಉಗುರಿಗೆ ಸಿಪ್ಪೆಯಂತೆ ಎದ್ದರೆ ಎಣ್ಣೆ ಸಾಲದು. ಒಣಗಿದ ಡಬ್ಬಿಗೆ ಸುರಿದು ತಾನಾಗಿ ಆರಲು ಬಿಡಿ.

ಜೇನುತುಪ್ಪ, ಗುಲಾಬಿ ನೀರು, ನಿಂಬೆರಸ ಸೇರಿಸಬೇಡಿ. ನೀರಿನಂಶ ಎಣ್ಣೆಯ ಜೊತೆ ನಿಲ್ಲುವುದಿಲ್ಲ, ಬೇರೆಯಾಗಿ ಬೂಷ್ಟು ಹಿಡಿಯುತ್ತದೆ. ನಿಂಬೆಯಂತೂ ತುಟಿಯ ಮೇಲೆ ಬಿಸಿಲು ಬಿದ್ದಾಗ ಸುಟ್ಟಂಥ ಕಪ್ಪು ಕಲೆ ಮಾಡುತ್ತದೆ. ಸ್ವಲ್ಪ ಸ್ವಲ್ಪವೇ ಮಾಡಿ ಮೂರು ತಿಂಗಳೊಳಗೆ ಮುಗಿಸಿ. ಹಳೇ ಎಣ್ಣೆಯ ವಾಸನೆ ಬಂದ ದಿನ ಎಸೆಯಿರಿ.

ಹಂತ 6: ನಮ್ಮ ಬಿಸಿಲು, ನಮ್ಮ ಚಳಿ

ಕಲಬುರಗಿ, ಯಾದಗಿರಿಯಲ್ಲಿ ಬೇಸಿಗೆ 40 ಡಿಗ್ರಿ ದಾಟುತ್ತದೆ. ಆಗ ಮೇಣದ ದಪ್ಪ ಕ್ರೀಮನ್ನು ಮುಖಕ್ಕೆ, ಕುತ್ತಿಗೆಗೆ, ಬೆನ್ನಿಗೆ ಹಚ್ಚಿದರೆ ಬೆವರು ಕಟ್ಟಿಕೊಂಡು ಗುಳ್ಳೆ ಏಳುತ್ತವೆ. ಬೇಸಿಗೆಯಲ್ಲಿ ಮೇಣ ತುಟಿಗೆ ಮತ್ತು ರಾತ್ರಿ ಹಿಮ್ಮಡಿಗೆ ಸಾಕು. ಎಣ್ಣೆ ಚರ್ಮದ, ಮೊಡವೆ ಏಳುವ ಹುಡುಗ ಹುಡುಗಿಯರಿಗೆ ಮುಖಕ್ಕೆ ಯಾವ ಕಾಲದಲ್ಲೂ ಬೇಡ. ಬಿಸಿಲಿಗೆ ನಿಲ್ಲಿಸಿದ ಸ್ಕೂಟಿಯ ಡಿಕ್ಕಿಯಲ್ಲಿ ಬಾಮ್, ಲಿಪ್‌ಸ್ಟಿಕ್ ಇಡಬೇಡಿ. ಕರಗಿ ಮತ್ತೆ ಗಟ್ಟಿಯಾದ ಬಾಮ್ ಮರಳು ಮರಳಾಗುತ್ತದೆ.

ಬೀದರಿನ ಚಳಿಗೆ ಇದೇ ಮೇಣ ಬಲು ಉಪಯೋಗಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಮಾಡುವವರ ಕೈ, ತುಟಿ, ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಸ್ನಾನ ಮಾಡಿ, ಒರೆಸಿ, ಇನ್ನೂ ತೇವ ಇರುವಾಗಲೇ ಹಚ್ಚಬೇಕು. ಮೇಣ ಹೊಸದಾಗಿ ನೀರು ಕೊಡುವುದಿಲ್ಲ, ಇದ್ದ ನೀರನ್ನು ಹಿಡಿದಿಡುತ್ತದೆ. ರಾತ್ರಿ ಹಿಮ್ಮಡಿಗೆ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ.

ಹಂತ 7: ಏನಾದರೂ ಆದರೆ

ತುಟಿ, ನಾಲಿಗೆ ಊದಿದರೆ, ಉಸಿರು ಸಿಕ್ಕಿಕೊಂಡರೆ, ಮೈಯೆಲ್ಲ ದದ್ದು ಎದ್ದು ತಲೆ ಸುತ್ತಿದರೆ 108ಕ್ಕೆ ಫೋನ್ ಮಾಡಿ. ತೊಳೆದು ನೋಡೋಣ, ಮಾತ್ರೆ ನುಂಗಿ ನೋಡೋಣ ಅಂತ ಕಾಯಬೇಡಿ. ಇದಕ್ಕೆ ಬೇಕಾದದ್ದು ತೊಡೆಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಆಂಬುಲೆನ್ಸ್ ಬರುವ ತನಕ ಮಲಗಿಸಿ ಕಾಲು ಮೇಲಿಡಿ. ಉಸಿರಾಡಲು ಕಷ್ಟ ಇದ್ದರೆ ಕೂರಿಸಿ.

ಬರೀ ತುರಿಕೆ, ಕೆಂಪು ಇದ್ದರೆ ಸಾಬೂನಿಲ್ಲದೆ ತಣ್ಣೀರಿನಲ್ಲಿ ತೊಳೆದು, ಸಾಮಾನು ನಿಲ್ಲಿಸಿ, ಸಾದಾ ಪೆಟ್ರೋಲಿಯಂ ಜೆಲ್ಲಿ ಮಾತ್ರ ಹಚ್ಚಿ. ಅರಿಶಿಣ, ಬೇವು, ಟೂತ್‌ಪೇಸ್ಟ್ ಏನೂ ಬೇಡ. ಅಂಗಡಿಗೆ ಬಂದು "ತುರಿಕೆ ಮುಲಾಮು ಕೊಡ್ರಿ" ಎಂದರೆ ಸ್ಟಿರಾಯ್ಡ್ ಬೆರೆತ ಟ್ಯೂಬ್ ಕೈಗೆ ಬರುವ ಸಂಭವ ಇದೆ. ಮುಖಕ್ಕೆ ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಹಚ್ಚಬಾರದು.

ಎರಡು ವಾರವಾದರೂ ಹೋಗದಿದ್ದರೆ, ಹೋಗಿ ಮತ್ತೆ ಮತ್ತೆ ಬಂದರೆ ಚರ್ಮದ ಡಾಕ್ಟರಿಗೆ ತೋರಿಸಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಬಹುದು. ಬಳಸುವ ಎಲ್ಲ ಡಬ್ಬಿಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಖಾಲಿಯಾದವೂ ಇರಲಿ, ಕುಂಕುಮ, ಬಿಂದಿ, ತಲೆಗೆಣ್ಣೆಯೂ ಇರಲಿ. ಯಾವ ಪದಾರ್ಥ ಆಗಿಬರುವುದಿಲ್ಲ ಎಂದು ಚರ್ಮದ ಮೇಲೆ ಅಂಟಿಸಿ ನೋಡುವ ಪ್ಯಾಚ್ ಪರೀಕ್ಷೆ ಅಲ್ಲೇ ಮಾಡುತ್ತಾರಾ, ಬೇರೆ ಕಡೆ ಬರೆದುಕೊಡುತ್ತಾರಾ ಎಂದು ಮೊದಲೇ ಕೇಳಿ. ಅದರಲ್ಲಿ ಬೆನ್ನಿಗೆ ಅಂಟಿಸಿದ ಪಟ್ಟಿಗಳನ್ನು 48 ಗಂಟೆ ಬಿಟ್ಟು ತೆಗೆಯುತ್ತಾರೆ, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಅಂದರೆ ಸೋಮವಾರ ಅಂಟಿಸಿದರೆ ಬುಧವಾರ, ಶುಕ್ರವಾರ ಮತ್ತೆ ಹೋಗಬೇಕು. ಶಹಾಪುರ, ಔರಾದ್ ಕಡೆಯಿಂದ ಬರುವವರು ಆ ವಾರದ ಕೂಲಿ, ಬಸ್ಸು ಎಲ್ಲ ಲೆಕ್ಕ ಹಾಕಿಕೊಂಡು ದಿನ ಗೊತ್ತು ಮಾಡಿ. ಅಷ್ಟು ದಿನ ಬೆನ್ನಿಗೆ ನೀರು ತಾಗಿಸುವಂತಿಲ್ಲ, ಬೆವರಿದರೂ ಪಟ್ಟಿ ಕಿತ್ತು ಬರುತ್ತದೆ. ತೊಂದರೆ ತಡೆದುಕೊಳ್ಳುವಷ್ಟೇ ಇದ್ದರೆ ಪರೀಕ್ಷೆಯನ್ನು ದೀಪಾವಳಿ ಆದ ಮೇಲೆ, ಚಳಿ ಬಿದ್ದಾಗ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಅನುಮಾನ ಇರುವ ಡಬ್ಬಿಯನ್ನು ಎಸೆಯದೆ, ಹೆಸರು ಬರೆದು ಮುಚ್ಚಿ ಎತ್ತಿಡಿ.